‘ಇನ್ನು ಬರ್ತೀನ್ರಿ’ ಪುಸ್ತಕಕ್ಕೆ ನಾನೇ ಮಾಡಿದ ಪೋಸ್ಟರು

ನಾನು ಜೀವವಿಮೆಯ ಏಜೆಂಟ್. ಮನೆ ಕೊಟ್ಟೂರಿನಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎತ್ತ ಹೋದರೂ ನನ್ನ ಸ್ಕೂಟರನ್ನು ದೂರದಿಂದಲೇ ಗುರುತು ಹಿಡಿಯುವವರಿದ್ದಾರೆ. ಗುರುತು ಹಿಡಿದವರಲ್ಲಿ ಅರ್ಧ ಜನ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಒಳಗೆ ಗರಗರ ತಿರುಗುತ್ತಿದ್ದ ಮಿಕ್ಸರ್ ನನ್ನ ಧ್ವನಿ ಕೇಳಿದ ಕೂಡಲೇ ಉಸಿರು ಬಿಗಿಹಿಡಿದು ನಿಲ್ಲುವುದು ನನಗೆ ಹೊಸತಲ್ಲ. ಉಳಿದರ್ಧ ಜನ ಕರೆದು ಕೂರಿಸುತ್ತಾರೆ. ಕಂತಿನ ಮಾತು ಮುಗಿದು, ಚಹಾ ಮುಗಿದು, ನಾನು ಚೀಲ ಹೆಗಲಿಗೇರಿಸಿ ಎದ್ದ ಮೇಲೆ ಹೊಸ್ತಿಲ ಹತ್ತಿರ ಅವರ ನಿಜವಾದ ಮಾತು ಶುರುವಾಗುತ್ತದೆ. ಮಗಳು ಗಂಡನ ಮನೆಯಿಂದ ಯಾಕೆ ವಾಪಸು ಬಂದಳು, ಅಣ್ಣತಮ್ಮಂದಿರ ನಡುವೆ ಯಾವ ಮಾತಿಗೆ ಗೋಡೆ ಎದ್ದಿತು, ರಾತ್ರಿ ನಿದ್ದೆ ಯಾಕೆ ಬರುವುದಿಲ್ಲ, ಎಲ್ಲ ಅಲ್ಲೇ. ಆ ಹೊಸ್ತಿಲ ಮಾತುಗಳನ್ನು ಹೆಸರು ಬದಲಿಸಿ ವರ್ಷಗಟ್ಟಲೆ ಬರೆದೆ. ಅದು ಪುಸ್ತಕವಾಯಿತು. ಪ್ರತಿ ಮನೆಯ ಹೊಸ್ತಿಲಲ್ಲೂ ನಾನು ಹೇಳುವ ಮಾತು ‘ಇನ್ನು ಬರ್ತೀನ್ರಿ’. ಪುಸ್ತಕಕ್ಕೂ ಅದೇ ಹೆಸರಾಯಿತು.

ಪ್ರಕಾಶಕರು ಹರಪನಹಳ್ಳಿಯವರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ವರ್ಷಕ್ಕೆ ಒಂದೋ ಎರಡೋ ಪುಸ್ತಕ ಅಚ್ಚು ಹಾಕಿಸುವವರು. ಪುಸ್ತಕದ ಕಟ್ಟುಗಳನ್ನು ಒಂದು ದಿನ ನಮ್ಮ ಪಡಸಾಲೆಗೆ ತಂದು ಇಳಿಸಿ, ತಂಬಿಗೆ ನೀರು ಕುಡಿದು ಹೇಳಿದರು:

“ಅಚ್ಚು ಹಾಕ್ಸೋದು ನಂದು. ಜನಕ್ಕೆ ಮುಟ್ಸೋದು ನಿಮ್ದು. ಈಗೆಲ್ಲ ಬರೆಯೋರೇ ಪೋಸ್ಟರ್ ಮಾಡ್ಕೊಂತಾರೆ. ಫೋನಿನಾಗೆ ಅದಕ್ಕಂತ ಆ್ಯಪ್ ಐತೆ. ದಿನಾ ಪಾಲಿಸಿ ಮಾರೋರು ನೀವು, ಒಂದು ಪುಸ್ತಕ ಮಾರೋದೇನು ಮಹಾ?”

ಪಾಲಿಸಿ ಕೊಳ್ಳದಿದ್ದರೆ ಮುಂದೆ ಏನಾದೀತು ಎಂದು ಹೇಳಿ ಜನರನ್ನು ಸ್ವಲ್ಪ ಹೆದರಿಸಬಹುದು. ಪುಸ್ತಕ ಕೊಳ್ಳದಿದ್ದರೆ ಏನಾಗುತ್ತದೆಂದು ಹೆದರಿಸುವುದು? ಭಾನುವಾರ ಬಿಡುಗಡೆ ಎಂದು ನಿಶ್ಚಯಿಸಿ, ಅವರನ್ನು ಬಸ್ಸು ಹತ್ತಿಸಿ ಬಂದೆ.

ಮೊದಲು ಹೋದದ್ದು ಹಗರಿಬೊಮ್ಮನಹಳ್ಳಿಯ ಒಂದು ಫ್ಲೆಕ್ಸ್ ಅಂಗಡಿಗೆ. ಅಂಗಡಿಯವರು ನನ್ನ ಗಿರಾಕಿಯೇ. ನನ್ನ ಫೋಟೋ ಮತ್ತು ಮುಖಪುಟ ಎರಡನ್ನೂ ಕಂಪ್ಯೂಟರಿಗೆ ಹಾಕಿಕೊಂಡು, ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ ಕೆಲಸ ಮುಗಿಸಿದರು. ನನ್ನ ತಲೆಯ ಹಿಂದೆ ಸೂರ್ಯ ಹುಟ್ಟುತ್ತಿದ್ದ. ಎಡಗಡೆ ಒಂದು ಸಿಂಹ ಬಾಯಿ ತೆರೆದಿತ್ತು.

“ಸಿಂಹ ಯಾಕ್ರಿ?”

“ಎಲ್ಲಾರಿಗೂ ಹಾಕ್ತೀನ್ರಿ. ಬ್ಯಾಡಂದ್ರ ಹುಲಿ ಐತಿ.”

“ಪುಸ್ತಕಾನ ಕಾಣವಲ್ದಲ್ರೀ.”

“ಸಿಂಹದ ಕಾಲಾಗ ಐತಿ ನೋಡ್ರಿ. ಅದು ಇರ್ಲಿ, ಕೆಳಗ ಶುಭ ಕೋರೋರ ಫೋಟೋ ಕೊಡ್ರಿ.”

“ಯಾರೂ ಶುಭ ಕೋರಿಲ್ರಿ.”

ಅವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು. “ಹಂಗಂದ್ರ ಹೆಂಗ್ರಿ ಮೇಡಂ? ಕೆಳಗ ಸಾಲಿಗೆ ಫೋಟೋ ಇಲ್ಲಂದ್ರ ಈಕಿ ಹಿಂದ ಮಂದಿ ಇಲ್ಲ ಅಂತ ತಿಳ್ಕೊಂತಾರ.”

ಹಿಂದೆ ಮಂದಿ ಇಲ್ಲದಿದ್ದುದು ನಿಜವೇ. ಆಮೇಲೆ ಬರುತ್ತೇನೆಂದು ಹೇಳಿ ಎದ್ದು ಬಂದೆ. ಸಿಂಹದ ಕಾಲ ಕೆಳಗೆ ನನ್ನ ಪುಸ್ತಕವನ್ನು ಇಡಲು ಮನಸ್ಸು ಒಪ್ಪಲಿಲ್ಲ. ಹೀಗಾಗಿ ಪ್ರಕಾಶಕರು ಹೇಳಿದ ಆ್ಯಪನ್ನೇ ಫೋನಿಗೆ ಇಳಿಸಿಕೊಂಡೆ.

ನಮ್ಮ ಮನೆಯಲ್ಲಿರುವವರು ಮೂರೇ ಜನ. ನಾನು, ಯಜಮಾನರು, ಅತ್ತೆ. ಯಜಮಾನರದು ಹಿಟ್ಟಿನ ಗಿರಣಿ. ಇಡೀ ದಿನ ಆ ಸದ್ದಿನಲ್ಲಿದ್ದು ಅವರ ಕಿವಿ ಸ್ವಲ್ಪ ಮಂದ. ಏನು ಕೇಳಿದರೂ ಅಂದಾಜಿನ ಮೇಲೆ ಉತ್ತರ ಕೊಡುತ್ತಾರೆ. ಅತ್ತೆಗೆ ಕಿವಿ ಬಲು ಚುರುಕು, ಕಣ್ಣು ತುಸು ಮಂಜು. ಆದರೆ ಓದು ಬರುತ್ತದೆ. ಕನ್ನಡಕವಿಲ್ಲದೆ ಅತ್ತೆಗೆ ಓದಲು ಬಂದರೆ ಯಾರಿಗಾದರೂ ಬಂದೀತು ಎಂದು, ಮಾಡಿದ್ದನ್ನೆಲ್ಲ ಅವರಿಗೆ ತೋರಿಸುವುದೆಂದು ಇಟ್ಟುಕೊಂಡೆ.

ಮೊದಲ ಪೋಸ್ಟರನ್ನು ನನಗಿಷ್ಟವಾದ ಬಣ್ಣಗಳಲ್ಲಿ ಮಾಡಿದೆ. ದಟ್ಟ ಗುಲಾಬಿಯ ಮೇಲೆ ಹಳದಿ ಅಕ್ಷರ, ಸುತ್ತ ಗಿಳಿಹಸಿರಿನ ಅಂಚು. ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಎಲ್ಲಿ ಐತಿ ಈ ಸೀರಿ ಅಂಗಡಿ?”

ಎರಡನೆಯದಕ್ಕೆ ಹೊಸ ಫೋಟೋ ಬೇಕೆನಿಸಿತು. ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ನಿಂತು ತೆಗೆಸಿಕೊಂಡೆ. ಫೋಟೋದ ಹಿನ್ನೆಲೆಯನ್ನು ಅಳಿಸಿಹಾಕುವ ಒಂದು ಗುಂಡಿ ಆ ಆ್ಯಪಿನಲ್ಲಿದೆ. ಒತ್ತಿದೆ. ನಾನು ಉಟ್ಟಿದ್ದು ಹಸಿರು ಸೀರೆ. ಗಿಡ ಯಾವುದು, ನಾನು ಯಾವುದು ಎಂದು ಅದಕ್ಕೆ ತಿಳಿಯಲಿಲ್ಲ. ಗಿಡದ ಜೊತೆ ನನ್ನನ್ನೂ ಅಳಿಸಿತು. ಉಳಿದದ್ದು ನಗುತ್ತಿರುವ ಒಂದು ತಲೆ, ಅದಕ್ಕೆ ಸಂಬಂಧವಿಲ್ಲದಂತೆ ಗಾಳಿಯಲ್ಲಿ ಪುಸ್ತಕ ಹಿಡಿದ ಒಂದು ಕೈ.

“ಯವ್ವಾ, ಮೈ ಎಲ್ಲಿಟ್ಟು ಬಂದಿ?” ಎಂದರು ಅತ್ತೆ.

ಮೂರನೆಯದಕ್ಕೆ ಚಂದದ ಅಕ್ಷರ ಹುಡುಕಿದೆ. ಇಂಗ್ಲಿಷಿಗೆ ಸಾವಿರ ಬಗೆಯ ಅಕ್ಷರಗಳಿದ್ದವು. ಕನ್ನಡಕ್ಕಿದ್ದ ನಾಲ್ಕಾರರಲ್ಲಿ ಬಳ್ಳಿಯಂತೆ ಬಾಗಿದ್ದನ್ನು ಆರಿಸಿಕೊಂಡರೆ ಒತ್ತಕ್ಷರಗಳೆಲ್ಲ ಕೈಬಿಟ್ಟವು. ‘ಪುಸ್ತಕ’ ಎಂದು ಬರೆದರೆ ‘ಪುಸ್ ತಕ’ ಆಯಿತು. ‘ಕೊಟ್ಟೂರು’ ‘ಕೊಟ್ ಟೂರು’ ಆಯಿತು. ಯಜಮಾನರು ಊಟಕ್ಕೆ ಬಂದವರು ಇಣುಕಿ ನೋಡಿ, “ಟೂರು ಯಾವ ಕಡಿ?” ಎಂದು ಕೇಳಿದರು. ಅವರಿಗೆ ಧರ್ಮಸ್ಥಳದ ಕಡೆ ಹೋಗುವ ಆಸೆ ಬಹಳ ದಿನದಿಂದ ಇತ್ತು.

ಹೀಗೆ ಕೆಡಿಸಿ ಕೆಡಿಸಿ ಕೆಲವು ಸಂಗತಿ ತಿಳಿದುಕೊಂಡೆ. ಒಂದು ಪೋಸ್ಟರಿನಲ್ಲಿ ಎಲ್ಲವನ್ನೂ ಹೇಳಲು ಹೋಗಬಾರದು. ಬಣ್ಣ ಕಡಿಮೆ ಇರಬೇಕು. ಅಕ್ಷರದ ಸುತ್ತ ಉಸಿರಾಡಲು ಜಾಗ ಬಿಡಬೇಕು. ಈ ಕೊನೆಯದನ್ನು ಅತ್ತೆ ಮಾತ್ರ ಒಪ್ಪಲೇ ಇಲ್ಲ. ಖಾಲಿ ಬಿಟ್ಟ ಭಾಗದ ಮೇಲೆ ಬೆರಳಾಡಿಸಿ, “ಇಷ್ಟು ಜಾಗ ಬೀಳು ಕೆಡವೀಯಲ್ಲ, ಏನರ ಬಿತ್ತಬಾರದಾ?” ಎಂದರು. ಹೊಲದವರ ಮಗಳು, ಅವರಿಗೆ ಆ ಸಂಕಟ ಸಹಜವೇ.

ಬಿಡುಗಡೆಯ ವಾರ ಬಂತು. ಒಂದು ದಿನ ಬೆಳಗ್ಗೆ ಬೇಗ ಎದ್ದು ಕೂತೆ. ಆ್ಯಪಿನಲ್ಲಿ ಒಂದು ಪದ ಬರೆದು ಹುಡುಕಿದರೆ ಅದಕ್ಕೆ ತಕ್ಕ ಸಿದ್ಧ ನಮೂನೆಗಳು ಬರುತ್ತವೆ. ನನ್ನದು ನೆನಪುಗಳ ಪುಸ್ತಕವಲ್ಲವೇ? ನೆನಪು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನು ಬರೆದೆ. ಒಂದಕ್ಕಿಂತ ಒಂದು ಸೊಗಸಾದ ನಮೂನೆಗಳು ಬಂದವು. ಸಿಂಹವಿಲ್ಲ, ಸೂರ್ಯನಿಲ್ಲ. ತಿಳಿಬೂದು ಬಣ್ಣ, ನಡುವೆ ಮೊಟ್ಟೆಯಾಕಾರದ ಚೌಕಟ್ಟು, ಮೂಲೆಯಲ್ಲಿ ಬಿಳಿ ಹೂಗಳು, ಸುತ್ತ ಬೇಕಾದಷ್ಟು ಖಾಲಿ ಜಾಗ. ಎಷ್ಟು ಗಂಭೀರವಾಗಿದೆ ಅನ್ನಿಸಿತು. ಮೇಲಿದ್ದ ಇಂಗ್ಲಿಷ್ ಸಾಲನ್ನು ಓದುವ ಗೋಜಿಗೂ ಹೋಗದೆ ಅಳಿಸಿದೆ. ಚೌಕಟ್ಟಿನೊಳಗೆ ನನ್ನ ಫೋಟೋ ಇಟ್ಟಾಗ ಅದು ತಾನಾಗಿಯೇ ಕಪ್ಪು ಬಿಳುಪಾಯಿತು. ಅದೂ ಚಂದವೇ ಕಂಡಿತು. ಫೋಟೋದ ಕೆಳಗೆ ಎರಡು ಇಸವಿ ತುಂಬಲು ಜಾಗ, ನಡುವೆ ಸಣ್ಣ ಗೀಟು. ನಾನು ಏಜೆಂಟ್ ಆದ ಇಸವಿ, ಈಗಿನ ಇಸವಿ, ಎರಡನ್ನೂ ತುಂಬಿದೆ. ಅಷ್ಟು ಕಾಲದ ಅನುಭವವೇ ತಾನೆ ಪುಸ್ತಕದಲ್ಲಿರುವುದು!

ಮುಖಪುಟದಿಂದ ಹೆಸರನ್ನು ಮಾತ್ರ ಕತ್ತರಿಸಿ ತಂದು ದೊಡ್ಡದಾಗಿ ಕೂರಿಸಿದೆ: ‘ಇನ್ನು ಬರ್ತೀನ್ರಿ’. ತಲೆಬರಹದಲ್ಲಿ ‘ಹೊಸ ಪುಸ್ತಕ’ ಎಂದು ಹಾಕಹೋದರೆ ಮತ್ತೆ ‘ಪುಸ್ ತಕ’ ಎಂದು ಒಡೆಯಿತು. ಬೇಡವೆಂದು ತೆಗೆದೆ. ಕೆಳಗೆ ಸಾದಾ ಅಕ್ಷರದಲ್ಲಿ ಬರೆದೆ: ‘ಬಿಡುಗಡೆ. ಭಾನುವಾರ ಬೆಳಗ್ಗೆ, ಗಿರಣಿ ಪಕ್ಕದ ಸಭಾಂಗಣ, ಕೊಟ್ಟೂರು. ಬಂಧುಮಿತ್ರರು, ಹಿತೈಷಿಗಳು ತಪ್ಪದೇ ಬರಬೇಕು. ಊಟದ ವ್ಯವಸ್ಥೆ ಇದೆ.’

ಅತ್ತೆ ಪೂಜೆಗೆ ಕೂತಿದ್ದರು. ಅವರು ಏಳುವ ತನಕ ಕಾಯಲಿಲ್ಲ. ನನ್ನಲ್ಲಿದ್ದ ಎಲ್ಲ ಗುಂಪುಗಳಿಗೂ ಕಳಿಸಿ, ಸ್ಟೇಟಸ್ಸಿಗೂ ಹಾಕಿ, ಮಂಡಕ್ಕಿ ಒಗ್ಗರಣೆ ತಿಂದು, ಸ್ಕೂಟರ್ ತೆಗೆದುಕೊಂಡು ಹಡಗಲಿ ಕಡೆ ಹೊರಟೆ. ಗಿರಾಕಿಗಳ ಮನೆಗೆ ಹೋಗುವಾಗ ಫೋನಿನ ಸದ್ದು ನಿಲ್ಲಿಸಿ ಚೀಲದ ತಳದಲ್ಲಿ ಇಡುವುದು ನನ್ನ ಅಭ್ಯಾಸ. ಅವತ್ತೂ ಹಾಗೇ ಮಾಡಿದೆ.

ಇಟ್ಟಿಗಿಯ ಹತ್ತಿರ ಎದುರಿಗೆ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಗಿರಾಕಿ ನನ್ನನ್ನು ಕಂಡವನೇ ಬ್ರೇಕ್ ಹಾಕಿದ. ಕಣ್ಣು ಬಿಟ್ಟುಕೊಂಡು ನೋಡಿದ. ನಾನು ನಕ್ಕು ಕೈ ಎತ್ತಿದೆ. ಅವನು ಬೈಕ್ ತಿರುಗಿಸಿ ಬಂದ ದಾರಿಯಲ್ಲೇ ಹೊರಟುಹೋದ. ಕಂತು ಕಟ್ಟಿಲ್ಲ, ಅದಕ್ಕೇ ಓಡುತ್ತಿದ್ದಾನೆ ಎಂದುಕೊಂಡು ಮುಂದೆ ಹೋದೆ.

ಮಾಗಳದಲ್ಲಿ ನನಗೊಬ್ಬರು ಹಳೆಯ ಗಿರಾಕಿ ಇದ್ದಾರೆ, ಅತ್ತೆಯ ವಯಸ್ಸಿನ ಹೆಂಗಸು. ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಅವರು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಸ್ಕೂಟರ್ ನಿಲ್ಲಿಸಿ, “ಆರಾಮ್ ಅದೀರೇನ್ರಿ?” ಎಂದೆ. ಅವರ ಕೈಯಿಂದ ಮೊರ ಜಾರಿತು.

“ಯವ್ವಾ! ಅಲ್ಲೇ ನಿಂದ್ರು!”

ನಿಂತೆ.

“ಕಾಲು ತೋರ್ಸು.”

“ಏನ್ರಿ?”

“ಕಾಲು ತೋರ್ಸಬೇ!”

ಗಾಬರಿಯಾಗಿ ಸೀರೆಯನ್ನು ಸ್ವಲ್ಪ ಎತ್ತಿ ಚಪ್ಪಲಿ ತೋರಿಸಿದೆ. ಅವರು ಬಗ್ಗಿ ನೋಡಿ ಬಾಗಿಲಲ್ಲಿದ್ದ ಸೊಸೆಗೆ, “ಪಾದ ಮುಂದ ಅದಾವು” ಎಂದು ಹೇಳಿದರು. ಸೊಸೆ ಫೋನು ಹಿಡಿದುಕೊಂಡು ಬಂದಳು.

“ಮತ್ತ ಇದೇನ್ರಿ ಅಕ್ಕಾರ?”

ನನ್ನದೇ ಪೋಸ್ಟರು. ಬೂದು ಬಣ್ಣ. ಬಿಳಿ ಹೂ. ಕಪ್ಪು ಬಿಳುಪಿನ ನಾನು. ಎರಡು ಇಸವಿ, ನಡುವೆ ಗೀಟು. ‘ಇನ್ನು ಬರ್ತೀನ್ರಿ’. ಬಿಡುಗಡೆ. ಬಂಧುಮಿತ್ರರು. ಊಟ. ಬೆಳಗ್ಗೆ ಅಷ್ಟು ಹೊತ್ತು ನೋಡಿಕೊಂಡು ಮಾಡಿದ್ದು ಆಗ ಮೊದಲ ಸಲ ಕಣ್ಣಿಗೆ ಬಿತ್ತು. ಆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತೆ.

“ಪುಸ್ತಕಾರೀ! ನಾ ಬರೆದ ಪುಸ್ತಕದ ಬಿಡುಗಡಿ!”

“ಪುಸ್ತಕ ಅಂತ ಎಲ್ಲಿ ಐತಿ ಇದ್ರಾಗ?” ಎಂದರು ಮುದುಕಿ.

“ಒಡೀತಿತ್ತು ಅಂತ ತೆಗದೆ.”

“ಏನು ಒಡೀತಿತ್ತು?”

“ಒತ್ತಕ್ಷರ.”

ಜೀವ ವಾಪಸು ಬಂದಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ ಎಂಬಂತೆ ಅವರು ನನ್ನನ್ನು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮುಂಜಾನಿಂದ ಒಂದು ತುತ್ತು ಇಳಿದಿಲ್ಲ ನನಗ.”

“ನನ್ನ ಸಲುವಾಗೇನ್ರಿ?”

“ನಿನ್ನ ಸಲುವಾಗಿ ಅರ್ಧ. ನನ್ನ ಪಾಲಿಸಿ ಸಲುವಾಗಿ ಅರ್ಧ. ಏಳು, ಉಣ್ಣೂಣು ಬಾ.”

ಇಬ್ಬರೂ ಕೂತು ಬಿಸಿ ರೊಟ್ಟಿ, ಹೀರೆಕಾಯಿ ಪಲ್ಯ ಉಂಡೆವು. ಅವರು ನನಗಿಂತ ಹೆಚ್ಚು ಉಂಡರು. ಊಟವಾದ ಮೇಲೆ ಚೀಲದ ತಳದಿಂದ ಫೋನು ತೆಗೆದರೆ ಪರದೆಯ ಮೇಲೆ ಬಿಟ್ಟುಹೋದ ಕರೆಗಳ ಸಾಲು ಮುಗಿಯುವಂತಿರಲಿಲ್ಲ. ಅರ್ಧದಷ್ಟು ಯಜಮಾನರವೇ. ವಾಪಸು ಕರೆ ಮಾಡಿದೆ. ಸಿಗಲಿಲ್ಲ. ಸ್ಕೂಟರ್ ತಿರುಗಿಸಿದೆ.

ನಾನು ದಾರಿಯಲ್ಲಿದ್ದಾಗ ಕೊಟ್ಟೂರಿನಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಪೋಸ್ಟರು ಹೋದ ಸ್ವಲ್ಪ ಹೊತ್ತಿಗೇ ಜನ ಮನೆಗೆ ಬರತೊಡಗಿದ್ದರು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಬೀದಿಯ ಕೊನೆಯ ಮನೆಯ ಹೆಂಗಸು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳಂತೆ:

“ಯಾವಾಗ ಹೋದ್ಲವ್ವ?”

“ಈಗರ. ನಾಷ್ಟಾ ಮಾಡಿ ಹೋದ್ಲು.”

“ಅಯ್ಯ ಶಿವನ! ನಾಷ್ಟಾ ಮಾಡಿದ್ಲಾ?”

“ಹ್ಞೂಂ. ಮಂಡಕ್ಕಿ ಒಗ್ಗರಣಿ ತಿಂದ್ಲು. ಎಷ್ಟು ಹೇಳಿದ್ರೂ ನಿಂದ್ರಲಿಲ್ಲ, ಹೋಗಬೇಕು ಅಂದ್ಲು, ಹೋದ್ಲು.”

ಆಕೆ ಅಳತೊಡಗಿದಳು. ಮಂಡಕ್ಕಿಗೆ ಅಳುವುದೇನಿದೆ ಎಂದು ಅತ್ತೆಗೆ ತಿಳಿಯಲಿಲ್ಲ. ಬಂದ ಮೂರನೆಯ ಹೆಂಗಸು ಹಡಗಲಿ ಮಲ್ಲಿಗೆಯ ದಪ್ಪ ಮಾಲೆ ತಂದು, ಎಲ್ಲಿ ಮಲಗಿಸಿದ್ದಾರೆ ಎಂದು ಕೇಳಿದಾಗಲೇ ಅವರಿಗೆ ವಿಷಯ ಹತ್ತಿದ್ದು.

ಗಿರಣಿಯಲ್ಲಿ ಇನ್ನೂ ಸೊಗಸು. ಯಂತ್ರದ ಸದ್ದಿನ ನಡುವೆ ಪರಿಚಯದವರೊಬ್ಬರು ಹೋಗಿ ಯಜಮಾನರ ಕೈ ಹಿಡಿದು, “ಹೆಂಗಾತ್ರಿ ಇದು? ನಂಬಾಕ ಆಗವಲ್ದು” ಎಂದಿದ್ದಾರೆ. ಪುಸ್ತಕದ ಸುದ್ದಿ ಎಂದು ತಿಳಿದ ಯಜಮಾನರು ಸಂತೋಷದಿಂದ ಕೂಗಿ ಹೇಳಿದ್ದಾರೆ:

“ನನಗೂ ನಂಬಾಕ ಆಗಿಲ್ಲ! ಭಾಳ ವರ್ಷದಿಂದ ಒದ್ದಾಡ್ತಿದ್ಲು. ಅಂತೂ ಬಿಡುಗಡಿ ಆಗಾಕತ್ತೈತಿ!”

“ಅಷ್ಟು ತ್ರಾಸಿತ್ತೇನ್ರಿ?”

“ಅಕಿಗಿಂತ ನನಗ ಹೆಚ್ಚಿತ್ತು! ರಾತ್ರಿ ಲೈಟ್ ಹಚ್ಚಿಕೊಂಡು ಕುಂದ್ರತಿದ್ಲು. ಇನ್ನ ಮ್ಯಾಲೆ ನಾನೂ ಆರಾಮ್ ಮಕ್ಕೊಂತೀನಿ. ಭಾನುವಾರ ಊಟಕ್ಕ ಬರ್ರಿ!”

ಬಂದವರು ಹಿಟ್ಟು ತೆಗೆದುಕೊಳ್ಳದೆಯೇ ಹೋಗಿಬಿಟ್ಟರಂತೆ. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಕೆಲವರು, ಮೊದಲಿನಿಂದಲೂ ಅವರಿಬ್ಬರಿಗೆ ಸರಿ ಇರಲಿಲ್ಲ ಎಂದು ಕೆಲವರು, ಊರಲ್ಲಿ ಎರಡು ಪಕ್ಷವಾಯಿತು.

ನಾನು ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗಿರಣಿ ಮುಚ್ಚಿತ್ತು. ಜಗಲಿಯ ತುಂಬ ಜನ. ಸ್ಕೂಟರ್ ನಿಲ್ಲಿಸಿದ ಕೂಡಲೇ ಎಲ್ಲರೂ ಒಮ್ಮೆಗೇ ಎದ್ದು ನಿಂತರು. ಯಜಮಾನರು ಬೈಕಿನ ಕೀಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಮಧ್ಯಾಹ್ನ ಅತ್ತೆ ಗಿರಣಿಗೆ ಹೋಗಿ ಕಿವಿಯಲ್ಲಿ ಕೂಗಿ ಹೇಳಿದ ಮೇಲೆ ಅವರು ನನಗೆ ಫೋನು ಮಾಡುತ್ತಲೇ ಇದ್ದರು. ನಾನು ಎತ್ತಲಿಲ್ಲ. ಪೋಸ್ಟರು ತಪ್ಪಾಗಿ ಹೋಗಿದೆ ಎಂದು ಗೊತ್ತಿದ್ದರೂ, ಸ್ಕೂಟರು, ರಸ್ತೆ, ಲಾರಿ ಎಂದು ಅವರ ಮನಸ್ಸು ಏನೇನೋ ಲೆಕ್ಕ ಹಾಕಿತ್ತು. ನನ್ನನ್ನು ಹುಡುಕಿಕೊಂಡು ಹಡಗಲಿ ದಾರಿ ಹಿಡಿಯಲಿದ್ದರು, ಅಷ್ಟರಲ್ಲಿ ನಾನೇ ಬಂದೆ. ಮುಖದ ತುಂಬ ಹಿಟ್ಟು. ಆ ಹಿಟ್ಟಿನಲ್ಲಿ ಎರಡೂ ಕಣ್ಣಿನ ಕೆಳಗೆ ಒಂದೊಂದು ಒದ್ದೆ ಗೆರೆ.

“ಬಂದಿ?” ಎಂದರು.

“ಬಂದೆ.”

“ಹ್ಞೂಂ” ಎಂದು ಒಳಗೆ ಹೋದರು. ಬಚ್ಚಲಲ್ಲಿ ಬಹಳ ಹೊತ್ತು ಮುಖ ತೊಳೆಯುವ ಸದ್ದು ಕೇಳಿಸಿತು.

ಅತ್ತೆ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. “ನನಗೊಂದು ಮಾತು ತೋರ್ಸಿದ್ರ ಹೇಳತಿದ್ನೋ ಇಲ್ಲೋ? ನಿನ್ನ ಸಲುವಾಗಿ ಮುಂಜಾನಿಂದ ಚಾ ಕಾಸಿ ಕಾಸಿ ಹಾಲು ತೀರೇತಿ! ಬಂದೋರೆಲ್ಲ ಅತ್ರು, ಎಲ್ರೂ ಸಕ್ರಿ ಹೆಚ್ಚು ಹಾಕಂದ್ರು!”

ಮಾಲೆ ತಂದವರಿಗೆ ಪೇಚು. ವಾಪಸು ಒಯ್ಯುವಂತಿಲ್ಲ, ನನಗೆ ಹಾಕುವಂತಿಲ್ಲ. ಅತ್ತೆ ದೇವರ ಫೋಟೋಗಳಿಗೆಲ್ಲ ಹಾಕಿ, ಉಳಿದದ್ದನ್ನು ತುಂಡು ಮಾಡಿ ಬಂದ ಹೆಂಗಸರಿಗೆ ಮುಡಿಸಿ ಕಳಿಸಿದರು. ಸತ್ತವರ ಮನೆಗೆ ಬಂದವರು ತಲೆ ತುಂಬ ಮಲ್ಲಿಗೆ ಮುಡಿದು ನಗುತ್ತಾ ಹೋದರು. ಹೋಗುವಾಗ ಅವರಲ್ಲೊಬ್ಬಳು, ಸದಾ ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳುವವಳು, ನನ್ನ ಗಲ್ಲ ಮುಟ್ಟಿ, “ನನ್ನ ಆಪರೇಷನ್ ಆದಾಗ ಕಂತಿನ ಮಾತು ತಗೀದ ಬರೇ ನನ್ನ ನೋಡಾಕ ಬಂದಿದ್ದಿ, ಅದ ನೆನಪಾಗಿ ಭಾಳ ಅತ್ನಿ” ಎಂದಳು. ಹಾಗೆ ಹೋದದ್ದು ನನಗೇ ಮರೆತಿತ್ತು. ಅವಳ ಹಿಂದೆ ಬಂದ ಅವಳ ಗಂಡ, “ಬದಿಕ್ಯಾಳ ಅಂದ ಮ್ಯಾಲೆ ಈ ತಿಂಗಳದ್ದು ಕಟ್ಟಬೇಕಲ್ಲ” ಎಂದು ಹೇಳಿಕೊಳ್ಳುತ್ತಾ ಮೆಟ್ಟಿಲಿಳಿದ.

ಪ್ರಕಾಶಕರ ಫೋನು ಬಂತು. ಪೋಸ್ಟರನ್ನು ತಿದ್ದಿ ಕಳಿಸುತ್ತೇನೆ ಎಂದೆ. ಅವರ ಧ್ವನಿಯಲ್ಲಿ ಹಬ್ಬ.

“ತಿದ್ದಬ್ಯಾಡ್ರಿ ಮೇಡಂ! ಐದೂ ತಾಲ್ಲೂಕಿನಾಗೆ ನಿಮ್ಮ ಪೋಸ್ಟರೇ ಓಡಾಡಕತ್ತೈತೆ. ಇಷ್ಟು ಪ್ರಚಾರ ಯಾವ ಪುಸ್ತಕಕ್ಕೆ ಸಿಕ್ಕೈತೆ ಹೇಳ್ರಿ. ಭಾನುವಾರದ ತನಕ ಹಿಂಗೇ ಇರ್ಲಿ ಬಿಡ್ರಿ.”

“ಭಾನುವಾರದ ತನಕ ಸತ್ತೇ ಇರ್ಲೇನ್ರಿ?”

“ಛೇ, ಹಂಗಲ್ಲ. ಸುಮ್ನೆ ಇರ್ರಿ ಅಂದೆ.”

ಸುಮ್ಮನಿರಲಿಲ್ಲ. ಮರುದಿನ ಬೆಳಗ್ಗೆ ಅಂಗಡಿಯಿಂದ ಮೆಣಸಿನಕಾಯಿ ಬಜ್ಜಿ ತರಿಸಿದೆ. ದೇವರ ಫೋಟೋದ ಮೇಲೆ ಬಾಡದೆ ಉಳಿದಿದ್ದ ಒಂದು ಮಲ್ಲಿಗೆ ಮಾಲೆಯನ್ನು ತೆಗೆದು ಕೊರಳಿಗೆ ಹಾಕಿಕೊಂಡೆ. ಹಳದಿ ಸೀರೆ ಉಟ್ಟೆ. ಸುಣ್ಣದ ಗೋಡೆಯ ಮುಂದೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅರ್ಧ ಕಚ್ಚಿದ ಬಜ್ಜಿ ಹಿಡಿದು ಕೂತೆ. ಫೋಟೋ ತೆಗೆದದ್ದು ಯಜಮಾನರು. ಬಜ್ಜಿ ಖಾರವಿತ್ತು, ನಾನು ಬಾಯಿ ತೆರೆದು ಹಾ ಎಂದಾಗಲೇ ಒತ್ತಿದರು. ಅದೇ ಇರಲಿ ಎಂದೆ. ಹಿನ್ನೆಲೆ ಅಳಿಸುವ ಗುಂಡಿಯ ತಂಟೆಗೆ ಹೋಗಲಿಲ್ಲ. ಫೋಟೋದ ಪಕ್ಕ ಸಾದಾ ಅಕ್ಷರಗಳಲ್ಲಿ ಎರಡೇ ಸಾಲು: ‘ನಾನು ಎಲ್ಲಿಗೂ ಹೋಗಿಲ್ಲ. ನನ್ನ ಪುಸ್ತಕ ಬಂದೈತಿ.’ ಕೆಳಗೆ ದಿನ, ಜಾಗ. ಉಳಿದದ್ದೆಲ್ಲ ಬಿಳಿಗೋಡೆ.

ಈ ಸಲ ಅತ್ತೆ ಪೂಜೆ ಮುಗಿಸುವ ತನಕ ಕಾದೆ. ಅವರು ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು ಗಟ್ಟಿಯಾಗಿ ಓದಿದರು. ಖಾಲಿ ಗೋಡೆಯ ಬಗ್ಗೆ ಏನೂ ಅನ್ನಲಿಲ್ಲ. “ಈಗ ತಿಳೀತು. ಕಳಸು” ಎಂದರು.

ಬೂದು ಪೋಸ್ಟರು ನಡೆದು ಹೋಗಿದ್ದರೆ ಇದು ಓಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು. ಹಗರಿಬೊಮ್ಮನಹಳ್ಳಿಯ ಹೋಟೆಲಿನವರೊಬ್ಬರು ಬಜ್ಜಿ ಯಾವ ಅಂಗಡಿಯದು ಎಂದು ಕೇಳಲು ಫೋನು ಮಾಡಿದ್ದರು.

ಭಾನುವಾರ ಸಭಾಂಗಣ ತುಂಬಿತು. ನಾನು ನಿಜವಾಗಿ ಬದುಕಿದ್ದೇನೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದವರೇ ಬಹಳ. ಮಾಗಳದ ಮುದುಕಿ ಸೊಸೆಯೊಂದಿಗೆ ಮುಂದಿನ ಸಾಲಿನಲ್ಲಿ ಕೂತು ಅಕ್ಕಪಕ್ಕದವರಿಗೆಲ್ಲ, “ನಾನ ಮೊದಲು ಕಂಡಿದ್ದು ಈಕಿನ್ನ” ಎಂದು ಹೇಳುತ್ತಿದ್ದರು.

ಮುಖ್ಯ ಅತಿಥಿಗಳು ಉಚ್ಚಂಗಿದುರ್ಗದ ಕಡೆಯ ನಿವೃತ್ತ ಹೆಡ್‌ಮಾಸ್ಟರು. ಸ್ವಂತಕ್ಕೆ ಫೋನು ಇಟ್ಟುಕೊಂಡವರಲ್ಲ. ಯಾರೋ ತೋರಿಸಿದ ಬೂದು ಪೋಸ್ಟರನ್ನು ಮಾತ್ರ ನೋಡಿದ್ದರು. ವೇದಿಕೆಯಲ್ಲಿ ಅವರ ಪಕ್ಕದ ಕುರ್ಚಿಗೆ ಹೋಗಿ ಕೂತು ನಮಸ್ಕಾರ ಮಾಡಿದೆ. ಅವರು ನಮಸ್ಕಾರ ಮಾಡಲು ಎತ್ತಿದ ಕೈ ಹಾಗೇ ನಿಂತಿತು.

“ನೀವು… ಇದ್ದೀರೇನು?” ಎಂದು ಪಿಸುಗುಟ್ಟಿದರು.

“ಇದ್ದೀನ್ರಿ ಸರ್.”

“ನಾನು ತಯಾರು ಮಾಡ್ಕೊಂಡು ಬಂದಿರೋ ಭಾಷಣ ಬೇರೆ ಐತಲ್ರೀ.”

“ಅದನ್ನೇ ಮಾಡ್ರಿ ಸರ್, ಸ್ವಲ್ಪ ಹೆಚ್ಚು ಕಮ್ಮಿ ಮಾಡಿಕೊಂಡು.”

ಬೇರೆ ದಾರಿ ಇರಲಿಲ್ಲ. ಅವರು ಎದ್ದು ನಿಂತು ಬಹಳ ಚೆನ್ನಾಗಿ ಮಾತಾಡಿದರು. ಪ್ರತಿ ವಾಕ್ಯವೂ ಭೂತಕಾಲದಲ್ಲಿ ಹೊರಟು ಕೊನೆಗೆ ಎಡವಿ ವರ್ತಮಾನಕ್ಕೆ ಬೀಳುತ್ತಿತ್ತು. “ಎಂಥಾ ಸರಳ ಜೀವಿಯಾಗಿದ್ದರು ಅವರು… ಆಗಿದ್ದಾರೆ. ಮನೆ ಮನೆಗೂ ಬೇಕಾದವರಾಗಿದ್ದರು… ಇದ್ದಾರೆ, ಇಲ್ಲೇ ಇದ್ದಾರೆ.” ಜನ ಬಾಯಿಗೆ ಸೆರಗು, ಟವೆಲು ಒತ್ತಿ ಹಿಡಿದಿದ್ದರು. ಕೊನೆಗೆ ಅಭ್ಯಾಸಬಲದಿಂದ ಕೈ ಜೋಡಿಸಿ, “ಅವರ ಆತ್ಮಕ್ಕೆ” ಎಂದು ಬಿಟ್ಟರು. ಇಡೀ ಸಭಾಂಗಣ ಉಸಿರು ಹಿಡಿಯಿತು. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು, ಮೇಲೆ ನೋಡಿದರು. “ಅವರ ಆತ್ಮಕ್ಕೆ… ಒಳ್ಳೆಯ ಆರೋಗ್ಯ ಸಿಗಲಿ!” ಎಂದರು. ಅಂಥ ಚಪ್ಪಾಳೆಯನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ. ನಗುನಗುತ್ತಲೇ ನನಗೆ ಕಣ್ಣೀರು ಬಂತು. ಅವರು ಹೇಳಿದ್ದರಲ್ಲಿ ಅರ್ಧ ಉತ್ಪ್ರೇಕ್ಷೆ ಎಂದು ಗೊತ್ತು. ಆದರೂ ಅಂಥ ಮಾತುಗಳನ್ನು ಸಾಮಾನ್ಯವಾಗಿ ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಪುಸ್ತಕಗಳು ಖರ್ಚಾದವು. ಊಟದ ಜೊತೆಗೆ ಪುಕ್ಕಟೆ ಎಂದು ತಿಳಿದು ಎರಡೆರಡು ಎತ್ತಿಕೊಂಡವರೂ ಇದ್ದರು. ಬಾಗಿಲಲ್ಲಿ ಕೂತಿದ್ದ ಅತ್ತೆ ಅವರನ್ನು ಬಿಡಲಿಲ್ಲ.

ಈಗ ಆ ಆ್ಯಪು ನನಗೆ ಸಾಕಷ್ಟು ಒಗ್ಗಿದೆ. ಪುಸ್ತಕದಿಂದ ಒಂದೇ ಒಂದು ಸಾಲು ತೆಗೆದು, ಸಾದಾ ಬಣ್ಣದ ಮೇಲೆ ದೊಡ್ಡ ಅಕ್ಷರದಲ್ಲಿ ಇಟ್ಟು ಆಗಾಗ ಸ್ಟೇಟಸ್ಸಿಗೆ ಹಾಕುತ್ತೇನೆ. ನನ್ನ ಮುಖ ಹಾಕುವುದಿಲ್ಲ. ಪುಸ್ತಕ ಕೊಳ್ಳಿರಿ ಎಂದು ಎಲ್ಲೂ ಬರೆಯುವುದಿಲ್ಲ. ಆ ಸಾಲು ಓದಿದವರು ಮುಂದೇನಾಯಿತು ಎಂದು ಕೇಳುತ್ತಾರೆ. ಆಗ ಪುಸ್ತಕದ ಮಾತು ತೆಗೆಯುತ್ತೇನೆ. ಈ ಉಪಾಯ ಪಾಲಿಸಿಗೆ ಮಾತ್ರ ನಡೆಯಲಿಲ್ಲ. ಅದರ ಮುಂದೇನಾಗುತ್ತದೆ ಎಂದು ಯಾರಿಗೂ ಕೇಳುವ ಮನಸ್ಸಿಲ್ಲ.

ಫ್ಲೆಕ್ಸ್ ಅಂಗಡಿಯವರು ಒಂದು ದಿನ ಫೋನು ಮಾಡಿದ್ದರು. “ಮೇಡಂ, ನಿಮ್ಮ ಆ ಬೂದು ಪೋಸ್ಟರಿಂದು ನಮೂನಿ ಕಳಸ್ರಿ. ಶ್ರದ್ಧಾಂಜಲಿಗೆ ಭಾಳ ಚಂದ ಕಾಣ್ತೈತಿ, ಮಂದಿ ಅದ ಬೇಕಂತಾರ.” ಕಳಿಸಿದೆ. ಈಗ ಐದೂ ತಾಲ್ಲೂಕಿನಲ್ಲಿ ಯಾರು ತೀರಿಕೊಂಡರೂ ನನ್ನ ಚೌಕಟ್ಟಿನಲ್ಲಿ, ನಾನು ಬಿಟ್ಟ ಖಾಲಿ ಜಾಗದ ನಡುವೆ ಕೂತಿರುತ್ತಾರೆ.

ಕಳೆದ ತಿಂಗಳು ಕೂಡ್ಲಿಗಿಗೆ ಹೋಗಿದ್ದೆ. ಸ್ಕೂಟರು ರಿಪೇರಿಗೆ ಕೊಟ್ಟಿದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ನರ್ಸ್ ಒಬ್ಬಳು, ನಾನು ಎಂದೂ ಕಂಡಿರದವಳು, ಊಟದ ಡಬ್ಬಿ ತೊಡೆಯ ಮೇಲಿಟ್ಟು ನನ್ನ ಪುಸ್ತಕ ಓದುತ್ತಿದ್ದಳು. ಓದುತ್ತಾ ಓದುತ್ತಾ ಒಬ್ಬಳೇ ನಕ್ಕಳು. ಯಾವ ಪುಟಕ್ಕೆ ನಕ್ಕಳೋ ನೋಡುವ ಆಸೆ ತಡೆಯಲಾಗಲಿಲ್ಲ. ಸ್ವಲ್ಪ ಸರಿದು ಕೂತು, “ಏನ್ ಓದಾಕತ್ತೀರಿ?” ಎಂದು ಕೇಳಿದೆ.

ಅವಳು ತಲೆ ಎತ್ತಲಿಲ್ಲ. “ಸ್ವಲ್ಪ ತಡೀರಿ ಅಕ್ಕಾರ. ಇದೊಂದು ಮುಗೀಲಿ.”

ತಡೆದೆ. ಅವಳ ಬಸ್ಸು ಬಂತು. ಅವಳು ಪುಟಗಳ ನಡುವೆ ಬೆರಳಿಟ್ಟುಕೊಂಡೇ ಎದ್ದು, ನೂಕುನುಗ್ಗಲಿನಲ್ಲಿ ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು ಮತ್ತೆ ಓದತೊಡಗಿದಳು.